ಏಳನೇ ನಂಬರಿನ ಫೋನು

"ಒಂದ್ ಸಹಿ ಅಷ್ಟ, ಅಂಬಕ್ಕ. ಮತ್ತೇನಿಲ್ಲ. ಲಗೂನ ಬಾಗಲಾ ತಗಿ."

ಹೊರಗೆ ನಿಂತು ಹೀಗೆಂದ ಹವಾಲ್ದಾರ ಬಂದೇನವಾಜನ ದನಿ ಎಂದಿನಂತಿರಲಿಲ್ಲ. ಇಳಕಲ್ಲಿನ ಠಾಣೆಯಲ್ಲಿ ಒಂಬತ್ತು ವರ್ಷದಿಂದಿದ್ದ ಅವನು ಓಣಿಯಲ್ಲಿ ಮಾತಾಡಿದರೆ ನಾಲ್ಕು ಮನೆಗೆ ಕೇಳಿಸುತ್ತಿತ್ತು. ಈಗ ಪಿಸುಗುಡುತ್ತಿದ್ದ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅಂಬವ್ವ ಆಗಷ್ಟೇ ಮುಖ ತೊಳೆದು, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಳು. ಎದ್ದು, ಸೆರಗು ತಲೆಯ ಮೇಲೆಳೆದುಕೊಂಡು ಅಗಳಿ ತೆಗೆದಳು.

ಬಂದೇನವಾಜನ ಹಿಂದೆ ಎಂಟೊಂಬತ್ತು ಮಂದಿ ನಿಂತಿದ್ದರು. ಖಾಕಿ ಹಾಕಿದವರು ಮೂವರೇ. ಉಳಿದವರದು ಸಾದಾ ಅಂಗಿ, ಕೊರಳಲ್ಲಿ ಫೋಟೊ ಇದ್ದ ಕಾರ್ಡು. ಓಣಿಯ ತುದಿಯಲ್ಲಿ ಎರಡು ಬಿಳಿ ಗಾಡಿಗಳು ದೀಪ ಆರಿಸಿ ನಿಂತಿದ್ದವು. ಅಂಬವ್ವನಿಗೆ ಮೊದಲು ನೆನಪಾದದ್ದು ಒಳಗೆ ಮಲಗಿದ್ದ ಮಗ. ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ ಮುಗಿಸಿ ಬಂದು ಮಲಗಿದ್ದ ಶ್ರೀಧರನಿಗೆ ಇದು ಯಾವುದೂ ಕೇಳಿಸಿರಲಿಲ್ಲ.

"ನಮ್ಮ ಹುಡುಗ ಏನ್ ಮಾಡ್ಯಾನೋ ತಮ್ಮಾ?"

"ಅವಂದಲ್ಲ. ಹಿತ್ತಲ ಖೋಲ್ಯಾಗ ಬಾಡಿಗಿ ಅದಾನಲ್ಲ, ದೀಪಕ. ಅವಂದು."

ಮನೆಯ ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ನಡೆಯುವಾಗ ಬಂದೇನವಾಜ ಅವಳ ಕಿವಿಯ ಹತ್ತಿರ ಬಾಯಿ ತಂದು ಹೇಳಿದ. "ಇವ್ರು ನಮ್ಮ ಠಾಣ್ಯಾಗಿನವ್ರಲ್ಲ. ದಿಲ್ಲಿಯವ್ರು. ಇಡೀ ದೇಶಕ್ಕ ಸೇರಿ ಒಂದ್ ಆಫೀಸ್ ಇರ್ತೈತಿ, ಅದರವ್ರು. ಬಾಗಲಕೋಟಿ ಸಾಹೇಬ್ರಿಗೇ ನಿನ್ನೆ ರಾತ್ರಿ ತಿಳದೈತಿ. ನಮ್ಮ ಫೌಜದಾರರಿಗೆ ಮುಂಜಾನಿ ನಾಕಕ್ಕ. ನಾವು ಬರೇ ದಾರಿ ತೋರಸಾಕ, ಬಾಗಲಾ ಕಾಯಾಕ."

"ಇವರ ಮುಂದ ನಿಮ್ಮ ಫೌಜದಾರಂದೂ ನಡಿಯಂಗಿಲ್ಲೇನು?"

"ಸುಮ್ನಿರ ಅಕ್ಕ. ಕೇಳಿದಷ್ಟಕ್ಕ ಹೇಳು. ತೋರಿಸಿದಲ್ಲಿ ಸಹಿ ಹಾಕು."

ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೋಲು ಬೀಸುತ್ತ ನಡೆಯುವ ಮನುಷ್ಯ ಇವನು. ಇವನೇ ಹೆದರಿದ್ದಾನೆ ಎಂಬುದು ಗೊತ್ತಾದ ಮೇಲೆ ಅಂಬವ್ವ ಗೋಡೆ ಹಿಡಿದುಕೊಂಡು ನಡೆದಳು.

ಹಿತ್ತಲಿನಲ್ಲಿ ಎರಡು ಕೋಣೆಗಳಿದ್ದವು. ದೊಡ್ಡದರಲ್ಲಿ ಬಾದಾಮಿ ಕಡೆಯ ದೀಪಕ ಮತ್ತು ಅವನ ಹೆಂಡತಿ ಸಂಪದಾ. ಅವನದು ಬಸ್‌ಸ್ಟ್ಯಾಂಡಿನ ಎದುರಿಗೆ ಮೊಬೈಲು, ಸಿಮ್ಮು ಮಾರುವ ಸಣ್ಣ ಅಂಗಡಿ. ಇನ್ನೊಂದು ಕೋಣೆಗೆ ಬಾಗಿಲೇ ಇರಲಿಲ್ಲ. ಅದರಲ್ಲಿ ಕಟ್ಟಿಗೆ, ಮುರಿದ ಮಗ್ಗದ ಸಾಮಾನು, ತೀರಿಕೊಂಡ ಗಂಡ ಮುತ್ತಪ್ಪನ ಸೈಕಲ್ಲು, ಎರಡೂ ಮನೆಯವರು ಬೇಡವೆಂದು ಒಗೆದದ್ದೆಲ್ಲ ಇತ್ತು.

ದೀಪಕ ಬನಿಯನ್ನಿನಲ್ಲಿಯೇ ಮಂಚದ ತುದಿಗೆ ಕೂತು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡಿದ್ದ. ಸಂಪದಾ ಒಲೆಯ ಕಟ್ಟೆಗೆ ಒರಗಿ ನಿಂತಿದ್ದಳು. ಅಂಬವ್ವನನ್ನು ನೋಡಿದೊಡನೆ, "ಮಾವಶಿ, ಏನಾಗ್ಯದ? ಇವರು ಏನೂ ಹೇಳವಲ್ಲರು" ಎಂದಳು. ಪಕ್ಕದಲ್ಲಿದ್ದ ಮಹಿಳಾ ಪೇದೆ ಅವಳ ತೋಳು ಮುಟ್ಟಿ ಸುಮ್ಮನಿರಲು ಹೇಳಿದಳು.

ಬಂದವರಲ್ಲಿ ಒಬ್ಬ ಹೆಂಗಸು ಅಧಿಕಾರಿಯಿದ್ದಳು. ನಲವತ್ತರ ಆಸುಪಾಸು, ಬಿಗಿಯಾಗಿ ಕಟ್ಟಿದ ಕೂದಲು. ಹೆಸರು ಪ್ರಿಯದರ್ಶಿನಿ ಎಂದು ಹೇಳಿ, ಕಾರ್ಡು ತೋರಿಸಿದಳು. ಅವಳ ಕನ್ನಡ ರೇಡಿಯೊದ ವಾರ್ತೆಯಂತಿತ್ತು.

"ಅಮ್ಮ, ಹೆದರಬೇಡಿ. ನೀವು ಪಂಚರು. ಅಂದರೆ ಸಾಕ್ಷಿ. ನಾವು ಹುಡುಕುವಾಗ ನೋಡ್ತಾ ಇರಿ. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಅಷ್ಟೇ ನಿಮ್ಮ ಕೆಲಸ."

"ನನಗ್ಯಾಕ್ರಿ ಬಾಯಾರ? ಓಣ್ಯಾಗ ಗಂಡಸರು ಅದಾರಲ್ರಿ."

"ಹೆಣ್ಣುಮಗಳಿರೋ ಮನೆ. ಒಬ್ಬರು ಹೆಂಗಸರು ಇರಲಿ ಅಂತ."

ಇನ್ನೊಬ್ಬ ಪಂಚ ಆಗಲೇ ಬಂದು ನಿಂತಿದ್ದ. ಯಾವುದೋ ಸರ್ಕಾರಿ ಕಚೇರಿಯ ಗುಮಾಸ್ತ, ಶಂಕ್ರಪ್ಪ. ಹಾಸಿಗೆಯಿಂದ ಎಬ್ಬಿಸಿ ತಂದಿದ್ದರೆಂದು ಕಾಣುತ್ತದೆ. ಅಂಗಿಯ ಗುಂಡಿಗಳನ್ನು ತಪ್ಪು ಕಾಜಿಗೆ ಹಾಕಿಕೊಂಡಿದ್ದ.

ಹುಡುಕಾಟ ಶುರುವಾಯಿತು. ಒಬ್ಬ ಅಂಗೈಯಗಲದ ಕ್ಯಾಮೆರಾ ಹಿಡಿದು ಎಲ್ಲವನ್ನೂ ವಿಡಿಯೊ ತೆಗೆಯುತ್ತಿದ್ದ. ಟ್ರಂಕು ತೆಗೆದರು, ಹಾಸಿಗೆ ಮಗುಚಿದರು, ಅಕ್ಕಿಯ ಡಬ್ಬಿಯಲ್ಲಿ ಕೈಯಾಡಿಸಿದರು. ಸಂಪದಾಳ ಮದುವೆಯ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ ಕೊಡವಿದರು. ಅವುಗಳಲ್ಲೊಂದು ಅಂಬವ್ವನೇ ನೇಯ್ದುಕೊಟ್ಟದ್ದು. ಗೋಡೆಯ ಕಪಾಟಿನಿಂದ ಫೋನುಗಳು ಹೊರಬಂದವು, ರಬ್ಬರು ಹಾಕಿದ ಸಿಮ್ಮಿನ ಕಟ್ಟುಗಳು ಬಂದವು. ಎಲ್ಲವನ್ನೂ ನೆಲದ ಮೇಲೆ ಹಾಸಿದ ಪೇಪರಿನ ಮೇಲೆ ಸಾಲಾಗಿ ಇಟ್ಟರು.

"ಯಾರ್ಯಾರದೋ ಆಧಾರ್ ಕಾರ್ಡಿನ ಮ್ಯಾಲ ಸಿಮ್ ತಗದಾನಂತ" ಎಂದು ಬಂದೇನವಾಜ ಬಾಗಿಲಲ್ಲಿ ನಿಂತೇ ಗೊಣಗಿದ. "ಆ ಸಿಮ್ಮು ಎಲ್ಲೆಲ್ಲೋ ಹೋಗ್ಯಾವ."

"ಎಲ್ಲಿಗೆ?"

"ಅದನ್ನ ನಮಗ ಹೇಳಂಗಿಲ್ಲ."

ಅಂಬವ್ವನಿಗೆ ತನ್ನ ಕಾರ್ಡು ನೆನಪಾಯಿತು. ಹೋದ ವರ್ಷ ವಿಧವಾ ಪಿಂಚಣಿಯ ಕಾಗದಕ್ಕೆಂದು ಅದನ್ನೂ ಅವನ ಅಂಗಡಿಗೆ ಕೊಟ್ಟಿದ್ದಳು. ಅವನೇ ಝೆರಾಕ್ಸ್ ಮಾಡಿಸಿ, "ಯಂತ್ರದ ಮ್ಯಾಲ ಹೆಬ್ಬಟ್ಟು ಒತ್ತರಿ ಮಾವಶಿ" ಎಂದಿದ್ದ. ಒಂದು ಸಲವೋ, ಎರಡು ಸಲವೋ ಒತ್ತಿದ್ದು? ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ.

ಅಷ್ಟರಲ್ಲಿ ಹಿಂದಿಯಲ್ಲೇ ಮಾತಾಡುತ್ತಿದ್ದ ಎತ್ತರದ ಅಧಿಕಾರಿಯೊಬ್ಬ ಹೊರಗೆ ಹೋಗಿ ಬಾಗಿಲಿಲ್ಲದ ಕೋಣೆಯನ್ನು ಹೊಕ್ಕ. ವಿಡಿಯೊದವನು ಇನ್ನೂ ಒಳಗೆ ಸಿಮ್ಮುಗಳ ಮೇಲೆ ಬಾಗಿದ್ದ. ಹೊಸ್ತಿಲ ಬಳಿ ನಿಂತಿದ್ದ ಅಂಬವ್ವನಿಗೆ ಎರಡೂ ಕಡೆ ಕಾಣುತ್ತಿತ್ತು. ತಗಡಿನ ಡಬ್ಬಿ ಉರುಳಿದ ಸಪ್ಪಳ ಕೇಳಿಸಿತು. ಮಗ್ಗದ ಹಳೆಯ ಲಾಳಿ, ನೂಲು ಸುತ್ತುವ ಕಂಡಿಕೆ ತುಂಬಿಟ್ಟ ಡಬ್ಬಿ ಅದು. ಎತ್ತರದವನು ಹೊರಬಂದಾಗ ಅವನ ಕೈಯಲ್ಲಿ ಕರಿಯ ಫೋನೊಂದಿತ್ತು. ಅದರ ಬೆನ್ನಿಗೆ ಕೆಂಪು ದಾರ ಸುತ್ತಿತ್ತು. ಒಳಗೆ ಬಂದು ಅದನ್ನೂ ಪೇಪರಿನ ಮೇಲೆ, ಉಳಿದ ಫೋನುಗಳ ಸಾಲಿಗೆ ಇಟ್ಟುಬಿಟ್ಟ.

ಆ ದಾರ ಸುತ್ತಿದವಳು ಅಂಬವ್ವ. ಶ್ರೀಧರ ಎರಡು ವರ್ಷದ ಹಿಂದೆ ದೀಪಕನ ಅಂಗಡಿಯಲ್ಲಿ ಕೊಂಡ ಫೋನದು. ಬೆನ್ನಿನ ಮುಚ್ಚಳ ಒಡೆದು ಬ್ಯಾಟರಿ ಬೀಳುತ್ತದೆಂದಾಗ, ಸೀರೆಯ ಸೆರಗು ನೇಯ್ದು ಉಳಿದ ರೇಷ್ಮೆ ಎಳೆ ತೆಗೆದು ಬಿಗಿಯಾಗಿ ಸುತ್ತಿಕೊಟ್ಟಿದ್ದಳು. ಹೊಸದು ಬಂದ ಮೇಲೆ ಅವನು ಅದನ್ನು ಡಬ್ಬಿಗೆ ಒಗೆದಿದ್ದ.

ಈಗ ಯಾರಾದರೂ ಕೇಳುತ್ತಾರೆ, ಆಗ ಹೇಳಿದರಾಯಿತು ಎಂದುಕೊಂಡಳು. ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಗದ್ದಲಕ್ಕೆ ಎಚ್ಚರವಾದ ಶ್ರೀಧರ ಹಿತ್ತಲಿಗೆ ಬಂದು, ಬಂದೇನವಾಜನ ಭುಜದ ಮೇಲಿಂದ ಇಣುಕಿದ. ಪೇಪರಿನ ಮೇಲೆ ಸಾಲಾಗಿದ್ದ ಫೋನುಗಳನ್ನು ನೋಡಿದ. ತಾಯಿಯ ಮುಖ ನೋಡಿದ. ಅವನ ಮುಖದಲ್ಲಿದ್ದ ನಿದ್ದೆ ಒಂದೇ ಕ್ಷಣದಲ್ಲಿ ಹೋಯಿತು. ಬೇಡ ಎಂಬಂತೆ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದ.

ಬರೆಯುವ ಕೆಲಸಕ್ಕೆ ಎರಡು ತಾಸು ಹಿಡಿಯಿತು. ಒಬ್ಬ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಬಡಿಯುತ್ತ ಕೂತ. ಗಾಡಿಯಿಂದ ಸಣ್ಣದೊಂದು ಪ್ರಿಂಟರು ತಂದು ಸಂಪದಾಳ ಮಿಕ್ಸರಿನ ಪ್ಲಗ್ಗಿಗೆ ಸಿಕ್ಕಿಸಿದರು. ಸಂಪದಾ ಬಚ್ಚಲಿಗೆ ಹೋಗಬೇಕೆಂದಾಗ ಪೇದೆಯೂ ಜೊತೆಗೆ ಹೋದಳು. ಅಂಬವ್ವ ದೀಪಕನಿಗೊಂದು ತಂಬಿಗೆ ನೀರು ತಂದಳು. ಎತ್ತರದವನು ಕೈ ಅಡ್ಡ ತಂದ. ಪ್ರಿಯದರ್ಶಿನಿ ಹಿಂದಿಯಲ್ಲಿ ಏನೋ ಅಂದ ಮೇಲೆ ಬಿಟ್ಟ. ದೀಪಕ ನೀರು ಕುಡಿಯುವಾಗ ಹಲ್ಲು ತಂಬಿಗೆಯ ಅಂಚಿಗೆ ತಗಲಿ ಟಣಟಣ ಎಂದಿತು.

ಶಂಕ್ರಪ್ಪ ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದೇ ಹಾಳೆ ತಿರುವಿ, ಒಂದೂ ಅಕ್ಷರ ಓದದೆ, ತೋರಿಸಿದಲ್ಲೆಲ್ಲ ಸಹಿ ಹಾಕಿದ. ನಂತರ ಹಾಳೆಗಳು ಅಂಬವ್ವನ ಮುಂದೆ ಬಂದವು. ಎಲ್ಲ ಇಂಗ್ಲಿಷು. ಅವಳು ನಾಲ್ಕನೇ ಇಯತ್ತೆಯವರೆಗೆ ಸಾಲಿ ಕಲಿತಿದ್ದಳು. ಬಸ್ಸಿನ ಬೋರ್ಡು ಓದುತ್ತಿದ್ದಳು. ಪೆನ್ನು ಹಿಡಿದು ಮೊದಲ ಎರಡು ಹಾಳೆಗೆ ಹೆಸರು ಬರೆದಳು. ಮೂರನೆಯದಕ್ಕೆ ನಿಂತಳು.

"ಬಾಯಾರ, ಇದರಾಗ ಏನ್ ಬರದೀರಿ ಅಂತ ಓದಿ ಹೇಳ್ರಿ."

ಬಂದೇನವಾಜ ಕಣ್ಣಲ್ಲೇ ಗದರಿದ. ಲ್ಯಾಪ್‌ಟಾಪಿನವನು ಗಡಿಯಾರ ನೋಡಿಕೊಂಡ. ಪ್ರಿಯದರ್ಶಿನಿ ನೆಲದ ಮೇಲೆ ಅವಳ ಪಕ್ಕಕ್ಕೆ ಕೂತು, ಹಾಳೆಯ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳುತ್ತ ಹೋದಳು. ಒಂದು, ಇಂಥ ಕಂಪನಿಯ ಫೋನು. ಎರಡು, ಸಿಮ್ ಕಾರ್ಡುಗಳು. ಮೂರು. ನಾಲ್ಕು.

"ಏಳು. ಕಪ್ಪು ಬಣ್ಣದ ಫೋನು, ಹಿಂಭಾಗಕ್ಕೆ ಕೆಂಪು ದಾರ ಸುತ್ತಿದೆ. ಆರೋಪಿಯ ಕೋಣೆಯ ಗೋಡೆ ಕಪಾಟಿನಲ್ಲಿ, ಸಿಮ್ ಕಾರ್ಡುಗಳ ಜೊತೆ ಸಿಕ್ಕಿದ್ದು."

ಸಹಿ ಹಾಕಿದರೆ ಮುಗಿಯಿತು. ಆ ಫೋನಿಗೂ ತನ್ನ ಮನೆಗೂ ಸಂಬಂಧವಿಲ್ಲವೆಂದು ಇಡೀ ದೇಶದ ಪೊಲೀಸರ ಕಾಗದವೇ ಹೇಳುತ್ತಿದೆ. ಹೇಗೂ ದೀಪಕನ ತಲೆಯ ಮೇಲೆ ಪಟ್ಟಿಯ ಆರು ನಂಬರುಗಳಿವೆ, ಅದರ ಜೊತೆ ಇನ್ನೊಂದು. ಈ ಲೆಕ್ಕ ಅವಳಿಗೆ ಎಷ್ಟು ಸಲೀಸಾಗಿ ಹೊಳೆಯಿತೆಂದರೆ ಅದಕ್ಕೇ ಅವಳು ಬೆದರಿದಳು. ತಲೆಯೆತ್ತಿ ದೀಪಕನನ್ನು ನೋಡಿದಳು. ಏಳನೆಯದನ್ನು ಓದಿದಾಗ ಅವನೂ ತಲೆಯೆತ್ತಿದ್ದ. ಅದು ಯಾರ ಫೋನೆಂದು ಅವನಿಗೆ ಗೊತ್ತಿತ್ತು. ಮಾರಿದವನು ಅವನೇ. ಬಾಗಿಲಲ್ಲಿ ನಿಂತ ಶ್ರೀಧರನ ಕಡೆಗೊಮ್ಮೆ ಬೆರಳು ಮಾಡಿದ್ದರೆ ಸಾಕಿತ್ತು. ಅವನು ಅಂಬವ್ವನನ್ನು ನೋಡಿದ, ಮತ್ತೆ ತನ್ನ ಮೊಣಕಾಲುಗಳನ್ನು ನೋಡತೊಡಗಿದ.

"ಇದು ಸುಳ್ಳೈತ್ರಿ" ಎಂದಳು ಅಂಬವ್ವ.

ಹೇಳಬೇಕೆಂದಿದ್ದ ಮಾತು ಅದಲ್ಲ. ಲ್ಯಾಪ್‌ಟಾಪಿನವನು ತಲೆಯೆತ್ತಿದ. ಎತ್ತರದವನು, "ಕ್ಯಾ ಬೋಲ್ ರಹೀ ಹೈ?" ಎಂದು ಪ್ರಿಯದರ್ಶಿನಿಯನ್ನು ಕೇಳಿದ.

"ಸುಳ್ಳಲ್ರಿ, ತಪ್ಪಾಗೈತಿ. ಇದು ಕಪಾಟಿನ್ಯಾಗ ಸಿಕ್ಕಿಲ್ಲ. ಆ ಹೊರಗಿನ ಕಟಗಿ ಕೋಣ್ಯಾಗ, ತಗಡಿನ ಡಬ್ಬ್ಯಾಗ ಸಿಕ್ಕೈತಿ. ಈ ಸಾಹೇಬ್ರು ತಂದಿಟ್ರು."

"ನಿಮಗೆ ಹೇಗೆ ಗೊತ್ತು?"

"ನೋಡ್ತಾ ಇರ್ರಿ ಅಂದ್ರಿ. ನೋಡಿದ್ನಿ."

ಪ್ರಿಯದರ್ಶಿನಿ ವಿಡಿಯೊದವನಿಗೆ ಕ್ಯಾಮೆರಾ ಆರಿಸಬೇಡವೆಂದು ಸನ್ನೆ ಮಾಡಿದಳು. "ಆ ಕೋಣೆ ಯಾರದು?"

"ಇಬ್ರದೂರಿ."

"ಫೋನ್ ಯಾರದು?"

"ನಂದು" ಎಂದಳು ಅಂಬವ್ವ ಕೂಡಲೇ. "ದಾರ ನಾನ ಸುತ್ತೀನಿ. ಬೇಕಾದ್ರ ನಮ್ಮ ಮಗ್ಗದ ಮ್ಯಾಲಿಂದ ರೇಷ್ಮಿ ತಂದು ಹಚ್ಚಿ ನೋಡ್ರಿ."

"ನಂಬರ್ ಎಷ್ಟಿತ್ತು ಅದರದ್ದು?"

ಅಂಬವ್ವ ಒಂಬತ್ತು, ಎಂಟು ಎಂದೇನೋ ಶುರುಮಾಡಿ ನಿಂತಳು.

"ನಂದ್ರಿ ಅದು" ಎಂದ ಶ್ರೀಧರ ಬಾಗಿಲಲ್ಲಿ. ಅವನ ದನಿ ಒಡೆದು ಎರಡಾಗಿತ್ತು. "ಅಕಿಗೆ ಏನೂ ಗೊತ್ತಿಲ್ಲ. ನಂದ."

ಎಲ್ಲರೂ ಅವನ ಕಡೆ ತಿರುಗಿದರು. ಎತ್ತರದವನು ಎರಡೇ ಹೆಜ್ಜೆಯಲ್ಲಿ ಬಾಗಿಲಿಗೆ ಬಂದು ಅವನ ಭುಜದ ಮೇಲೆ ಕೈಯಿಟ್ಟ. ಹೊಡೆಯಲಿಲ್ಲ, ಎಳೆಯಲಿಲ್ಲ. ಸುಮ್ಮನೆ ಇಟ್ಟ. ಅಂಬವ್ವನ ಬಾಯಿಂದ ಸಣ್ಣಗೊಂದು ಸದ್ದು ಬಂತು.

ಆಮೇಲೆ ಪ್ರಿಯದರ್ಶಿನಿಯೂ ಆ ಎತ್ತರದವನೂ ಹಿತ್ತಲ ಬೇವಿನ ಗಿಡದ ಕೆಳಗೆ ನಿಂತು ತಗ್ಗಿದ ದನಿಯಲ್ಲಿ ಬಹಳ ಹೊತ್ತು ವಾದ ಮಾಡಿದರು. ವಿಡಿಯೊ ಹಿಂದಕ್ಕೆ ಓಡಿಸಿ ನೋಡಿದರು. ಕಪಾಟಿನಿಂದ ತೆಗೆದ ಫೋನುಗಳಲ್ಲಿ ಕೆಂಪು ದಾರದ್ದು ಇರಲಿಲ್ಲ. ಮೂರನೆಯ ಹಾಳೆಯನ್ನು ಹೊಸದಾಗಿ ಬರೆದು ತಂದರು. ಪ್ರಿಯದರ್ಶಿನಿ ಮತ್ತೆ ನೆಲಕ್ಕೆ ಕೂತು, ಮತ್ತೆ ಓದಿ ಹೇಳಿದಳು. ಅಂಬವ್ವ ಸಹಿ ಹಾಕಿದಳು. ಅಕ್ಷರಗಳು ಗೆರೆಯಿಂದ ಕೆಳಗಿಳಿದಿದ್ದವು.

ದೀಪಕನಿಗೆ ಅಂಗಿ ಹಾಕಿಕೊಳ್ಳಲು ಹೇಳಿ ಗಾಡಿಗೆ ಹತ್ತಿಸಿದರು. ಶ್ರೀಧರನ ಕೈಗೆ ನೋಟಿಸು ಕೊಟ್ಟರು. ನಾಳೆ ಹನ್ನೊಂದಕ್ಕೆ ಬಾಗಲಕೋಟೆಗೆ, ನವನಗರದ ಪೊಲೀಸ್ ಕಚೇರಿಗೆ ಬರಬೇಕು.

ಗಾಡಿಗಳು ಹೋದ ಮೇಲೆ ಬಂದೇನವಾಜ ಒಬ್ಬನೇ ಹಿಂದೆ ಉಳಿದ. ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡ.

"ಎಂಥಾ ಕೆಲಸ ಮಾಡಿದಿ ಅಂಬಕ್ಕ. ಪೀಡಾ ದಾಟಿ ಹೋಗಿತ್ತು. ಅವರಾಗೇ ದಾಟಿಸಿದ್ರು. ಕೈ ಹಿಡದು ತಿರುಗಿ ಮನಿಗೆ ಕರದಿ."

"ನೀ ಆಗಿದ್ರ?"

"ನಾನೇನ, ನಾ ಹಾಕ್ತಿದ್ನಿ ಸಹಿ" ಎಂದ ಅವನು ಸಿಟ್ಟಿನಿಂದ. ಟೊಪ್ಪಿಗೆ ಹಾಕಿಕೊಂಡು, "ನಾಳೆ ಮುಂಜಾನಿ ಏಳೂವರಿ ಬಸ್ಸಿಗೆ ಹೋಗ್ರಿ. ತಡಾ ಮಾಡಬ್ಯಾಡ್ರಿ, ಅವ್ರಿಗೆ ಸೇರಂಗಿಲ್ಲ" ಎಂದು ಹೇಳಿ ಹೋದ.

ಅಂದೇ ಸಂಜೆ ಬಾದಾಮಿಯಿಂದ ಸಂಪದಾಳ ಕಾಕಾ ಬಂದು ಅವಳನ್ನು ಕರೆದುಕೊಂಡು ಹೋದರು. ಅವರು ಓಣಿಯಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ಸಂಪದಾ ಖೋಲಿಯ ಚಾವಿಯನ್ನು ಅಂಬವ್ವನ ಕೈಗೆ ಕೊಟ್ಟು, ಏನೋ ಹೇಳಬೇಕೆಂದು ನಿಂತಳು. "ಮಾವಶಿ, ಅವರು ಮಾಡ್ಯಾರೋ ಇಲ್ಲೋ, ನನಗೂ ಗೊತ್ತಿಲ್ಲ" ಎಂದಳು. ಕಾಕಾ ಆಟೊದೊಳಗಿಂದ ಕರೆದರು.

ಮರುದಿನ ನವನಗರದ ಕಚೇರಿಯಲ್ಲಿ ಶ್ರೀಧರನನ್ನು ಒಂದು ಬಾಗಿಲೊಳಗೆ ಕರೆದುಕೊಂಡರು. ಅಂಬವ್ವ ಹೊರಗಿನ ಬೆಂಚಿನ ಮೇಲೆ ಕೂತಳು. ಹನ್ನೊಂದರಿಂದ ಒಂದಾಯಿತು. ಮೂರಾಯಿತು. ಬುತ್ತಿ ಕಟ್ಟಿಕೊಂಡು ಬಂದಿದ್ದಳು, ಬಿಚ್ಚಲಿಲ್ಲ. ಮಾಡುವುದಕ್ಕೆ ಬೇರೇನೂ ಇಲ್ಲದೆ ಬರುವವರನ್ನೂ ಹೋಗುವವರನ್ನೂ ನೋಡಿದಳು. ಯಾರು ಯಾರಿಗೆ ಎದ್ದು ನಿಲ್ಲುತ್ತಾರೆ ಎಂಬುದು ನಿಧಾನಕ್ಕೆ ತಿಳಿಯತೊಡಗಿತು. ಪೇದೆಗಳು ಹವಾಲ್ದಾರನಿಗೆ, ಹವಾಲ್ದಾರರು ಫೌಜದಾರನಿಗೆ. ಇಳಕಲ್ಲಿನಲ್ಲಿ ಜೀಪಿನಿಂದ ಇಳಿದರೆ ಇಡೀ ಬಜಾರು ತಣ್ಣಗಾಗುವ ಫೌಜದಾರ ಇಲ್ಲಿ ಟೊಪ್ಪಿಗೆಯನ್ನು ಬಗಲಲ್ಲಿಟ್ಟುಕೊಂಡು ಗೋಡೆಗೆ ಅಂಟಿ ನಿಂತಿದ್ದ. ಒಬ್ಬರು ದೊಡ್ಡ ಸಾಹೇಬರು ಹೊರಬಂದಾಗ ಅವನ ಹಿಮ್ಮಡಿ ಕೂಡಿಕೊಂಡವು. ಆ ಸಾಹೇಬರೂ ದಿಲ್ಲಿಯವರಿದ್ದ ಕೋಣೆಯ ಬಾಗಿಲನ್ನು ಬೆರಳಿನಿಂದ ತಟ್ಟಿ, ಒಳಗಿನಿಂದ ದನಿ ಬರುವವರೆಗೆ ಕಾದರು. ಬಾಗಿಲು ತೆರೆದಾಗ ಒಳಗೆ ಪ್ರಿಯದರ್ಶಿನಿ ಕಂಡಳು. ಕೈಯಲ್ಲಿ ಫೋನು ಹಿಡಿದು, ಕುರ್ಚಿಯಿದ್ದರೂ ನಿಂತುಕೊಂಡು, "ಎಸ್ ಸರ್, ಎಸ್ ಸರ್" ಎನ್ನುತ್ತಿದ್ದಳು. ಆ ಕಡೆ ಇದ್ದವನು ಯಾರಿಗೆ ಎದ್ದು ನಿಲ್ಲುತ್ತಾನೋ ಎಂದುಕೊಂಡಳು ಅಂಬವ್ವ. ಅವಳ ಮಗ ಇವರೆಲ್ಲರ ಕೆಳಗೆ, ಎಲ್ಲೋ ತಳದಲ್ಲಿ ಇದ್ದ.

ಐದು ದಾಟಿದ ಮೇಲೆ ಶ್ರೀಧರ ಹೊರಬಂದ. ಅವನ ಹಿಂದೆ ಪ್ರಿಯದರ್ಶಿನಿ. ಅಂಬವ್ವ ಗಡಬಡಿಸಿ ಎದ್ದಳು.

"ಇವನ ಮೇಲೆ ಸದ್ಯಕ್ಕೆ ಏನೂ ಇಲ್ಲ. ಫೋನು ನಮ್ಮಲ್ಲೇ ಇರುತ್ತೆ. ಹೇಳದೆ ಊರು ಬಿಟ್ಟು ಹೋಗೋ ಹಾಗಿಲ್ಲ. ಕೋರ್ಟು ನಿಮ್ಮನ್ನೂ ಕರೆಯುತ್ತೆ, ಒಂದು ವರ್ಷಕ್ಕೋ ಎರಡು ವರ್ಷಕ್ಕೋ. ಬಂದು, ನೋಡಿದ್ದನ್ನು ಹೇಳಬೇಕು."

"ಎಲ್ಲಿಗ್ರಿ?"

"ಬೆಂಗಳೂರಿಗೆ."

ಅಂಬವ್ವ ಹುನಗುಂದ ದಾಟಿ ಬಾಗಲಕೋಟೆಗೆ ಬಂದದ್ದೇ ಜೀವಮಾನದಲ್ಲಿ ನಾಲ್ಕನೇ ಸಲ. "ದೀಪಕ ಎಲ್ಲದಾನ್ರಿ?" ಎಂದು ಕೇಳಿದಳು.

"ಅವನನ್ನ ನಿನ್ನೆಯೇ ಬೆಂಗಳೂರಿಗೆ ಕರ್ಕೊಂಡು ಹೋದರು. ಅವನದು ಬೇರೆ ವಿಷಯ ಇದೆ ಅಮ್ಮ. ಆ ಏಳನೇ ನಂಬರು ಮಾತ್ರ ಅವನ ಮೇಲಿಲ್ಲ ಈಗ."

ಹೋಗಲು ತಿರುಗಿದ್ದವಳನ್ನು ಅಂಬವ್ವ ಮತ್ತೆ ಕರೆದಳು. ನಿನ್ನೆಯಿಂದ ಕೇಳಬೇಕೆಂದಿದ್ದ ಮಾತು ಅದು. "ಬಾಯಾರ, ನನ್ನ ಆಧಾರ್ ಕಾರ್ಡೂ ಅವನ ಅಂಗಡ್ಯಾಗ ಕೊಟ್ಟಿದ್ನಿ. ನನ್ನ ಹೆಸರ ಮ್ಯಾಲೂ ಸಿಮ್ ತಗದಾನೇನ್ರಿ?"

ಒಳಗಿನಿಂದ ಯಾರೋ ಪ್ರಿಯದರ್ಶಿನಿಯನ್ನು ಕರೆದರು.

"ತೆಗೆದಿದ್ದರೆ ನೋಟಿಸು ಬರುತ್ತೆ" ಎಂದಳು.

ತಾಯಿ ಮಗ ಸಂಜೆಯ ಬಸ್ಸು ಹತ್ತಿದರು. ಒಳಗೆ ಏನೇನು ಕೇಳಿದರೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನು ಕಿಟಕಿಯ ಸರಳಿಗೆ ಹಣೆಯಿಟ್ಟು ಕೂತಿದ್ದ. ಅಮೀನಗಡ ದಾಟಿ ಒಂದಿಷ್ಟು ದೂರ ಬಂದ ಮೇಲೆ ಬಸ್ಸು ಇದ್ದಕ್ಕಿದ್ದಂತೆ ನಿಧಾನವಾಯಿತು. ಮುಂದಿನ ಗಾಜಿನಾಚೆ, ರಸ್ತೆಯ ನಡುವೆ, ಖಾಕಿ ಹಾಕಿದವನೊಬ್ಬ ಕೈಯೆತ್ತಿ ನಿಂತಿದ್ದ.

ಅಂಬವ್ವ ಮಗನ ಮುಂಗೈ ಹಿಡಿದಳು.

ಬಸ್ಸು ನಿಂತಿತು. ಎಡಗಡೆಯ ಹೊಲದಿಂದ ಕುರಿಗಳು ರಸ್ತೆಗೆ ಏರಿ ಬಂದವು. ಮೊದಲು ಎರಡು, ಆಮೇಲೆ ಇಪ್ಪತ್ತು, ಆಮೇಲೆ ಎಣಿಸಲಾಗದಷ್ಟು. ಒಂದರ ಬೆನ್ನಿಗೊಂದು ಮುಖ ಒತ್ತಿಕೊಂಡು, ಧೂಳೆಬ್ಬಿಸುತ್ತ ದಾಟಿದವು. ಕೊನೆಗೆ ಕಂಬಳಿ ಹೊದ್ದ ಕುರುಬ, ಕುಂಟುವ ಮರಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ದಾಟಿದ. ಪೊಲೀಸಿನವನು ಕೈಯಿಳಿಸಿ, ಬದಿಗೆ ಸರಿದು, ಪ್ಯಾಂಟಿನ ಧೂಳು ಕೊಡವಿಕೊಂಡ. ಡ್ರೈವರು ಅವನಿಗೆ ಏನೋ ಅಂದು ನಕ್ಕ. ಅವನೂ ನಕ್ಕ.

ಬಸ್ಸು ಹೊರಟಿತು.

"ಕೈ ಬಿಡಬೇ ಯವ್ವಾ, ನೋಯಾಕತ್ತೈತಿ" ಎಂದ ಶ್ರೀಧರ ಮೆಲ್ಲಗೆ.

ಹುನಗುಂದದ ದೀಪಗಳು ಕಾಣತೊಡಗಿದವು. ಬಸ್ಸಿನೊಳಗೆ ಕಂಡಕ್ಟರನು ಲೈಟು ಹಚ್ಚಿದ. ಅಂಬವ್ವ ರಸ್ತೆಯನ್ನೇ ನೋಡುತ್ತಿದ್ದಳು. ಅವಳ ಬೆರಳುಗಳು ಮಗನ ಮುಂಗೈಯ ಸುತ್ತ ಹಾಗೆಯೇ ಇದ್ದವು.